ಗುಲುವಿನ ಹೊಲಿಗೆ ಶಾಲೆ

ಉತ್ತರ ಉಗಾಂಡದ ಗುಲು ಪಟ್ಟಣದಲ್ಲಿರುವ ಸೇಂಟ್ ಮೋನಿಕಾ ಬಾಲಕಿಯರ ಹೊಲಿಗೆ ಕೇಂದ್ರ ತನ್ನ ಕೈಚೀಲಗಳಿಂದ ಹೆಸರಾಗಿದೆ. ತಂಪು ಪಾನೀಯದ ಡಬ್ಬಿ ತೆರೆಯಲು ಎಳೆಯುತ್ತೇವಲ್ಲ, ಆ ಪುಟ್ಟ ಅಲ್ಯುಮಿನಿಯಂ ಕೊಂಡಿಗಳನ್ನು ಸಾಲಾಗಿ ಜೋಡಿಸಿ, ಅವುಗಳ ತೂತಿನಲ್ಲಿ ಕ್ರೋಶಾ ಕಡ್ಡಿಯಿಂದ ದಾರ ತೂರಿಸಿ, ಬಿಗಿದು ಹೆಣೆಯುತ್ತಾರೆ. ಸಿದ್ಧವಾದ ಚೀಲ ಮೀನಿನ ಪೊರೆಯಂತೆ ಹೊಳೆಯುತ್ತದೆ. ಅಮೆರಿಕದಲ್ಲೂ ಮಾರಾಟವಾದ ಈ ಚೀಲಗಳನ್ನು ಹೆಣೆದವರಲ್ಲಿ ಹಲವರು ಬಾಲ್ಯದಲ್ಲೇ ಬಲವಂತವಾಗಿ ಬಂದೂಕು ಹೊತ್ತವರು.

ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ 1980ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ಈ ಸೀಮೆಯನ್ನು ನಡುಗಿಸಿತು. ಯುನಿಸೆಫ್ ಅಂದಾಜಿನಂತೆ ಅಪಹರಣಕ್ಕೊಳಗಾದ ಮಕ್ಕಳು 25,000ಕ್ಕೂ ಹೆಚ್ಚು. ಮತ್ತೆ ಊರಿಗೆ ಮುಖ ತೋರಿಸಲಾಗದಂತೆ ಎಷ್ಟೋ ಮಕ್ಕಳ ಕೈಯಿಂದ ಒಡಹುಟ್ಟಿದವರನ್ನು, ನೆರೆಹೊರೆಯವರನ್ನು ಕೊಲ್ಲಿಸಲಾಯಿತು. ಹುಡುಗಿಯರನ್ನು ಕಮಾಂಡರ್‌ಗಳಿಗೆ ‘ಹೆಂಡತಿ’ಯರೆಂದು ಹಂಚಲಾಯಿತು. ಇಷ್ಟೆಲ್ಲ ಮಾಡುತ್ತಲೇ ಕೋನಿ ಬೈಬಲ್ಲಿನ ಹತ್ತು ಆಜ್ಞೆಗಳ ಮಾತಾಡುತ್ತಿದ್ದ. ದೇವರ ಹೆಸರಿನಲ್ಲೇ ಬೆಂದುಬಂದ ಮಕ್ಕಳ ಮುಂದೆ ಅದೇ ದೇವರ ಹೆಸರು ಹೇಳುವುದು ಎಷ್ಟು ಕಷ್ಟವೆಂದು ಯೋಚಿಸಿ.

ಸಿಸ್ಟರ್ ರೋಸ್‌ಮೇರಿ ನ್ಯಿರುಂಬೆ ಉಪದೇಶದಿಂದ ಶುರುಮಾಡಲಿಲ್ಲ. ಸೇಕ್ರೆಡ್ ಹಾರ್ಟ್ ಸಂಸ್ಥೆಯ ಈ ಸನ್ಯಾಸಿನಿ ಸೂಲಗಿತ್ತಿಯ ತರಬೇತಿ ಪಡೆದವರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವರು ಸೇಂಟ್ ಮೋನಿಕಾದ ಹೊಣೆ ಹೊತ್ತಾಗ ಶಾಲೆ ಬಹುಪಾಲು ಖಾಲಿಯಿತ್ತು. ಪಾಠದಲ್ಲಿ ಹಿಂದುಳಿದ ಕೆಲವು ಹುಡುಗಿಯರು ಕಾಡಿನಲ್ಲಿದ್ದ ಬಂಡುಕೋರರಿಂದ ತಪ್ಪಿಸಿಕೊಂಡು ಬಂದವರೆಂದು ಅವರಿಗೆ ತಿಳಿಯಿತು. ಕೂಡಲೇ ರೇಡಿಯೊದಲ್ಲಿ ಕರೆ ಕೊಟ್ಟರು: ಅಪಹರಣಕ್ಕೊಳಗಾದವರು, ಬಸುರಿಯರು, ಮಕ್ಕಳಿರುವವರು, ಯಾರಾದರೂ ಬನ್ನಿ. ಕಂಕುಳಲ್ಲಿ ಕೂಸು ಹೊತ್ತೇ ಬಂದರು. ತಾಯಂದಿರು ಹೊಲಿಗೆ ಯಂತ್ರದ ಮುಂದೆ ಕೂರುವಾಗ ಕೂಸುಗಳನ್ನು ನೋಡಿಕೊಳ್ಳಲು ಶಿಶುವಿಹಾರ ತೆರೆಯಿತು. ಅಡುಗೆ, ಕೇಟರಿಂಗ್ ತರಗತಿಗಳೂ ನಡೆದವು. ಇಡೀ ಯೋಜನೆಯ ಜೀವಾಳ ಆ ಶಿಶುವಿಹಾರವೇ ಎನ್ನಬೇಕು. ಕಾಡಿನ ಮಗು ಎಂದು ಊರು ಹೀಗಳೆಯುತ್ತಿದ್ದ ಕೂಸನ್ನು ಅಲ್ಲಿ ಯಾರೋ ಎತ್ತಿಕೊಂಡು ಉಣಿಸುತ್ತಿದ್ದರು. 2014ರಲ್ಲಿ ಟೈಮ್ ಪತ್ರಿಕೆ ಜಗತ್ತಿನ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಸಿಸ್ಟರ್ ಹೆಸರನ್ನೂ ಸೇರಿಸಿತು.

ಕ್ಷಮೆಯ ದಾರಿ ಇನ್ನೂ ಕಡಿದು. 1996ರ ಅಕ್ಟೋಬರ್‌ನಲ್ಲಿ ಅಬೊಕೆಯ ಸೇಂಟ್ ಮೇರೀಸ್ ಶಾಲೆಯಿಂದ 139 ಹುಡುಗಿಯರನ್ನು ಒಯ್ದಾಗ, ಇಟಲಿಯ ಸಿಸ್ಟರ್ ರಾಕೆಲೆ ಫಸ್ಸೆರಾ ಬಂಡುಕೋರರ ಬೆನ್ನು ಹತ್ತಿ ಕಾಡಿಗೇ ನಡೆದರು, ಅಂಗಲಾಚಿ 109 ಮಂದಿಯನ್ನು ಬಿಡಿಸಿ ತಂದರು. ಉಳಿದ ಮೂವತ್ತರಲ್ಲಿ ಆಂಜೆಲಿನಾ ಅತ್ಯಾಮ್ ಎಂಬ ನರ್ಸ್‌ನ ಮಗಳೂ ಇದ್ದಳು. ನೊಂದ ಹೆತ್ತವರು ಲಿರಾದಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು. ಒಂದು ದಿನ, ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸೆಂದು ಬೇಡುವ ಸಾಲು ಬಂದಾಗ ಎಲ್ಲರ ಬಾಯಿ ಕಟ್ಟಿತು. ಮುಂದೆ ಆಂಜೆಲಿನಾ ಮಗಳನ್ನು ಇಟ್ಟುಕೊಂಡಿದ್ದ ಕಮಾಂಡರ್‌ನ ತಾಯಿಯನ್ನೇ ಹುಡುಕಿಹೋಗಿ, ಕ್ಷಮಿಸಿದ್ದೇನೆ ಎಂದರು. ಅಪಹರಣದ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಮಗಳನ್ನು ಬಿಡುತ್ತೇವೆ ಎಂಬ ಬಂಡುಕೋರರ ಆಮಿಷಕ್ಕೆ ಮಾತ್ರ ಒಪ್ಪಲಿಲ್ಲ. ಬಿಡುವುದಾದರೆ ಎಲ್ಲ ಮಕ್ಕಳನ್ನೂ ಬಿಡಿ ಎಂದರು. ಮಗಳು ಮರಳಿದ್ದು 2004ರಲ್ಲಿ.

ಕ್ಷಮಿಸುವುದೆಂದರೆ ಸುಮ್ಮನಾಗುವುದಲ್ಲ ಎಂದು ಚರ್ಚಿನ ಹಿರಿಯರೂ ತೋರಿಸಿದರು. ಅಪಹರಣಕ್ಕೆ ಹೆದರಿ ಹಳ್ಳಿಯ ಮಕ್ಕಳು ಪ್ರತಿ ಸಂಜೆ ಮೈಲಿಗಟ್ಟಲೆ ನಡೆದು ಗುಲುವಿಗೆ ಬಂದು ಮಲಗುತ್ತಿದ್ದ ಕಾಲ ಅದು. 2003ರಲ್ಲಿ ಆರ್ಚ್‌ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಒಡಾಮಾ ಮತ್ತಿತರ ಧಾರ್ಮಿಕ ನಾಯಕರು ಆ ಮಕ್ಕಳ ಜೊತೆ ಬಯಲಲ್ಲೇ ರಾತ್ರಿ ಕಳೆದು ಜಗತ್ತಿನ ಗಮನ ಸೆಳೆದರು. ಶರಣಾದವರಿಗೆ ಕ್ಷಮಾದಾನ ನೀಡುವ 2000ರ ಕಾಯ್ದೆಯ ಹಿಂದೆಯೂ ಆಂಗ್ಲಿಕನ್, ಕ್ಯಾಥೋಲಿಕ್, ಮುಸ್ಲಿಂ ಮುಖಂಡರ ಒಗ್ಗಟ್ಟಿನ ಒತ್ತಾಯವಿತ್ತು. ಮರಳಿದವರು ಹಸಿ ಮೊಟ್ಟೆ ತುಳಿದು ಮನೆ ಸೇರುವ, ಈ ಸೀಮೆಯ ಅಚೋಲಿ ಜನರ ಶಾಸ್ತ್ರವನ್ನು ಈ ಮುಖಂಡರು ದೂರವಿಡಲಿಲ್ಲ.

ಕಾಡಿನಲ್ಲಿ ಹುಟ್ಟಿದ ಮಕ್ಕಳು ಈಗ ಬೆಳೆದು ದೊಡ್ಡವರಾಗಿದ್ದಾರೆ. ಅಚೋಲಿಗಳಲ್ಲಿ ಜಮೀನು ತಂದೆಯ ಕುಲದಿಂದ ಬರುತ್ತದೆ. ತಂದೆ ಯಾರೆಂದೇ ತಿಳಿಯದ, ತಿಳಿದರೂ ಹೇಳಲಾಗದ ಯುವಕರಿಗೆ ಉಳಲು ನೆಲವಿಲ್ಲ. ಕೈಕಸುಬು ಕಲಿತ ತಾಯಿಯ ಸಂಪಾದನೆಯೇ ಅಂಥ ಎಷ್ಟೋ ಮನೆಗಳಿಗೆ ಆಧಾರ.