ಗಿಟಾರು ಹಿಡಿದರೆ ಅನ್ನ ಸಿಗುತ್ತಾ?

ಅನ್ನಪೂರ್ಣೆಯ ಊರು ಹೊರನಾಡಲ್ಲೂ ಹುಡುಗ ಗಿಟಾರು ಹಿಡಿದರೆ ಮನೆಯವರು ಕೇಳೋದು ಒಂದೇ: 'ಹೊಟ್ಟೆಪಾಡಿಗೇನೋ?' ಕೇಳೋದು ತಪ್ಪಲ್ಲ ಸ್ವಾಮಿ. ಆದರೆ ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಕಥೆ ನೋಡಿ. ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ, ಕೈಯಲ್ಲಿ ನೌಕರಿ. ಅದನ್ನು ಬಿಟ್ಟು ಹಾಡಿಗೆ ಇಳಿದರು. ರಾಗ ಹಾಕೋದು, ಗಿಟಾರು ನುಡಿಸೋದು, ಹಾಡೋದು ಎಲ್ಲ ತಾವೇ. ಆಲ್ಬಂ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ 2008ರಲ್ಲಿ ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಮೊದಲ ಆಲ್ಬಂ ಹೊರತಂದರು. ಅದರಲ್ಲಿ ನಮ್ಮ ಶಿಶುನಾಳ ಶರೀಫರ ಪದಗಳೂ ಇದ್ದವು. 2010ರಲ್ಲಿ ಬಿ.ಬಿ.ಸಿ. ಟಿ.ವಿ.ಯಲ್ಲೇ ಹಾಡಿದರು.

ಇದನ್ನು ನೋಡಿ ನೌಕರಿ ಬಿಡಿ ಅಂತ ಯಾರಿಗೂ ಹೇಳೋಲ್ಲ. ಗಿಟಾರನ್ನು ಅಟ್ಟಕ್ಕೆ ಹಾಕೋ ಮೊದಲು, ಹುಡುಗನ ಹಾಡು ಒಂದು ಸಲ ಕೂತು ಕೇಳಿ.