ಕೈಗವಸು ತೊಟ್ಟರೆ ಕೈ ತೊಳೆದಂತಲ್ಲ

ಹಾಸಿಗೆ ಹಿಡಿದ ತಂದೆಯನ್ನೋ ತಾಯಿಯನ್ನೋ ವೃದ್ಧಾಶ್ರಮಕ್ಕೆ ಸೇರಿಸುವಾಗ ನೀವು ಏನೇನು ವಿಚಾರಿಸುತ್ತೀರಿ? ಊಟ ಹೇಗೆ, ಕೋಣೆಗೆ ಗಾಳಿ ಬೆಳಕು ಇದೆಯೇ, ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ. ಅಲ್ಲಿನ ಆಯಾಗಳು ಎಲ್ಲಿ, ಯಾವಾಗ ಕೈ ತೊಳೆಯುತ್ತಾರೆ ಎಂದು ಕೇಳುವವರು ವಿರಳ.

ಮಲಮೂತ್ರ ಶುಚಿ ಮಾಡುವುದು, ಸ್ನಾನ ಮಾಡಿಸುವುದು, ಹಲ್ಲುಸೆಟ್ಟು ತೊಳೆಯುವುದು, ತುತ್ತು ಉಣಿಸುವುದು ಎಲ್ಲವೂ ಅದೇ ಎರಡು ಕೈಗಳ ಕೆಲಸ. ಆ ಕೈಗಳು ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಒಬ್ಬರ ಭೇದಿ, ಇನ್ನೊಬ್ಬರ ಕಜ್ಜಿ ಮೂರನೆಯವರಿಗೆ ದಾಟುವುದು ಹೆಚ್ಚಾಗಿ ಹೀಗೆಯೇ.

2020ರ ಕೋವಿಡ್ ಹಾವಳಿಯ ನಂತರ ಕೈಗವಸಿನ ಬಗ್ಗೆ ನಮಗೆ ಅತಿಯಾದ ನಂಬಿಕೆ ಬಂದಿದೆ. ಕೈಗವಸು ತೊಟ್ಟವರನ್ನು ಅದು ಕಾಪಾಡುತ್ತದೆ, ನಿಜ. ಆದರೆ ಮಲ ಒರೆಸಿದ ಕೈಗವಸಿನಲ್ಲೇ ಹೊದಿಕೆ ಸರಿಪಡಿಸಿ, ನೀರಿನ ಲೋಟ ಬಾಯಿಗಿಟ್ಟರೆ ರೋಗಿಗೆ ಏನು ಬಂತು? ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು. ಕಳಚುವಾಗಲೂ ಕೈಗೆ ಕೊಳೆ ಹತ್ತುತ್ತದೆ. ಆದ್ದರಿಂದ ಕೊಳೆ ಕೆಲಸ ಮುಗಿದೊಡನೆ ಅದನ್ನು ಬಿಸುಟು ಕೈ ತೊಳೆಯಬೇಕು. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡವೇ ಬೇಡ.

ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಬ್ಬೆರಳು, ಬೆರಳ ತುದಿ, ಬೆರಳುಗಳ ಸಂದು ಮರೆತುಹೋಗುವ ಜಾಗಗಳು. ಉಂಗುರ, ಬಳೆ ತೆಗೆದಿಟ್ಟರೆ ಒಳ್ಳೆಯದು. (ಬಳೆ ತೆಗೆಯಿರೆಂದರೆ ನಮ್ಮಲ್ಲಿ ಒಪ್ಪುವುದು ಕಷ್ಟ, ಮೇಲಕ್ಕೆ ಸರಿಸಿಕೊಂಡಾದರೂ ತೊಳೆಯಲಿ.) ಕೈಗೆ ಕೊಳೆ ಅಂಟಿದ್ದರೆ ಅಥವಾ ರೋಗಿಗೆ ಭೇದಿಯಿದ್ದರೆ ದ್ರಾವಣವನ್ನು ನಂಬಬೇಡಿ. ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ರೋಗಾಣುವಿನ ಬೀಜಕಣಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು ಹಚ್ಚಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದೇ ಹೋಗಬೇಕು. ಇಷ್ಟೆಲ್ಲ ಮಾಡಿ, ಸಿಂಕಿನ ಪಕ್ಕ ಮೊಳೆಗೆ ನೇತುಹಾಕಿದ ಒದ್ದೆ ಟವೆಲಿಗೆ ಎಲ್ಲರೂ ಕೈ ಒರೆಸಿದರೆ ಶ್ರಮ ವ್ಯರ್ಥ.

ಮೈ ಒರೆಸುವಾಗ ಮುಖದಿಂದ ಆರಂಭಿಸಿ ಗುಪ್ತಾಂಗಗಳನ್ನು ಕೊನೆಗೆ ಒರೆಸಬೇಕು. ಹೆಂಗಸರಿಗಾದರೆ ಮುಂದಿನಿಂದ ಹಿಂದಕ್ಕೆ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ.

ಮುಂದಿನ ಸಲ ನೋಡಲು ಹೋದಾಗ ಸಿಂಕಿನ ಬಳಿ ಸೋಪು ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಗಮನಿಸಿ. ಇಲ್ಲದಿದ್ದರೆ ಆಯಾಗಳನ್ನು ಗದರಿ ಫಲವಿಲ್ಲ, ನಡೆಸುವವರನ್ನು ಕೇಳಿ. ನೀವೂ ಕೈ ತೊಳೆದೇ ಅವರ ಬಳಿ ಕೂಡಿರಿ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣಿಸದಿರಬಹುದು. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ತಬ್ಬಿಬ್ಬಾದರೆ, ಊಟ ಬೇಡವೆಂದು ಮುಖ ತಿರುಗಿಸಿದರೆ, ಅಂದೇ ವೈದ್ಯರಿಗೆ ತೋರಿಸಿ.