ಕಾಲೇಜಿನಲ್ಲಿ ವಿಷಯದ ಆಯ್ಕೆ

ಪ್ರತಿ ವರ್ಷವೂ ಎಸ್.ಎಸ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನವೇ ನಮ್ಮ ಶಾಲೆಯ ಮೆಟ್ಟಿಲುಗಳ ಮೇಲೆ ಒಂದು ಬಗೆಯ ಗದ್ದಲ ಕಾಣಿಸಿಕೊಳ್ಳುತ್ತದೆ. ಅಂಕಪಟ್ಟಿಯನ್ನು ಹಿಡಿದ ಹುಡುಗರೂ ಹುಡುಗಿಯರೂ, ಅವರ ಹಿಂದೆ ಅರ್ಧ ದಿನದ ರಜೆ ಪಡೆದು ಬಂದ ತಂದೆತಾಯಿಗಳೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಯಾವ ಲೈನಿಗೆ ಹಾಕಿದರೆ ಒಳ್ಳೆಯದು?”

ಈ ಪ್ರಶ್ನೆ ಸಹಜವಾದುದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿಗೆ ಹೋಗುವವರಲ್ಲಿ ಮೊದಲಿಗರು. ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿದರೆ ಅದೇ ದೊಡ್ಡ ಗೆಲವಾಗಿತ್ತು. ಅವರ ಮುಂದೆ ಆಯ್ಕೆಯ ತೊಡಕೇ ಇರಲಿಲ್ಲ. ಇಂದು ಆಯ್ಕೆಗಳು ಬೇಕಾದಷ್ಟಿವೆ, ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಬಲ್ಲವರಿಲ್ಲ. ಆದುದರಿಂದ ಪಕ್ಕದ ಖೋಲಿಯವರೂ ಊರಿನಿಂದ ಫೋನು ಮಾಡುವ ಸೋದರಮಾವಂದಿರೂ ಸಲಹೆಗಾರರಾಗುತ್ತಾರೆ. ಅವರ ಪ್ರೀತಿಯಲ್ಲಿ ನಮಗೆ ಸಂದೇಹವಿಲ್ಲ. ಅವರ ಮಾಹಿತಿಯಲ್ಲಿ ಮಾತ್ರ ಉಂಟು.

ಮೊದಲಿಗೆ, ಪದವಿಯ ತರಗತಿಗಳಲ್ಲಿ ‘ಮೇಜರ್’ ಎಂದು ಕರೆಯುವ ಮುಖ್ಯ ವಿಷಯವೆಂದರೇನೆಂಬುದನ್ನು ತಿಳಿದುಕೊಳ್ಳಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1869ರಿಂದ 1909ರ ವರೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಎಂಬವರು, ವಿದ್ಯಾರ್ಥಿಗಳೆಲ್ಲರೂ ಒಂದೇ ಪಾಠಪಟ್ಟಿಯನ್ನು ಓದಬೇಕೆಂಬ ಹಳೆಯ ನಿಯಮವನ್ನು ಸಡಿಲಿಸಿ, ಬೇಕಾದುದನ್ನು ಆರಿಸಿಕೊಳ್ಳಲು ಬಿಟ್ಟರು. ಸ್ವಾತಂತ್ರ್ಯ ಹೆಚ್ಚಿದಂತೆ ಅದರ ಕೊರತೆಯೂ ಕಂಡುಬಂದಿತು: ಕೆಲವರು ಎಲ್ಲದರಲ್ಲಿಯೂ ಮೊದಲ ಪಾಠವನ್ನಷ್ಟೇ ರುಚಿ ನೋಡಿ, ಯಾವುದರಲ್ಲಿಯೂ ಆಳಕ್ಕಿಳಿಯದೆ ಪದವೀಧರರಾಗತೊಡಗಿದರು. ಎಲಿಯಟ್ಟರ ನಂತರ ಬಂದ ಲಾರೆನ್ಸ್ ಲೊವೆಲ್ಲರು ಒಂದು ವಿಷಯದಲ್ಲಿ ನೆಲೆನಿಂತು ಓದಬೇಕು, ಉಳಿದ ವಿಷಯಗಳನ್ನು ಹಂಚಿಕೊಂಡು ಓದಬೇಕು ಎಂಬ ಕಟ್ಟಳೆಯನ್ನು ತಂದರು. ಇಂದು ನಮ್ಮ ದೇಶದಲ್ಲಿ ಜಾರಿಗೆ ಬಂದಿರುವ ಏರ್ಪಾಡಿನಲ್ಲಿಯೂ ಈ ಎರಡು ಎಳೆಗಳನ್ನು ಕಾಣಬಹುದು.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ 120 ಕ್ರೆಡಿಟ್‌ಗಳು, ನಾಲ್ಕು ವರ್ಷದ ಆನರ್ಸ್ ಪದವಿಗೆ 160. ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠ. ಮೂರು ವರ್ಷದ ಪದವಿಯ 120ರಲ್ಲಿ ಕನಿಷ್ಠ 60 ಕ್ರೆಡಿಟ್‌ಗಳು ಮುಖ್ಯ ವಿಷಯಕ್ಕೆ, 24 ಉಪವಿಷಯಕ್ಕೆ. ಮಿಕ್ಕವು ಭಾಷೆ, ಕೌಶಲ ಮುಂತಾದವುಗಳಿಗೆ. ಲೆಕ್ಕ ಹಾಕಿ ನೋಡಿರಿ: ಮುಖ್ಯ ವಿಷಯವೊಂದರಲ್ಲಿಯೇ ಕಡಿಮೆಯೆಂದರೂ 900 ಗಂಟೆಗಳ ಕಾಲ ನೀವು ಬೆಂಚಿನ ಮೇಲೆ ಕುಳಿತಿರಬೇಕು. ಪ್ರಯೋಗಶಾಲೆಯ ಕೆಲಸಕ್ಕೆ ಒಂದು ಕ್ರೆಡಿಟ್‌ಗೆ 30 ಗಂಟೆಗಳಾದುದರಿಂದ, ವಿಜ್ಞಾನದವರಿಗೆ ಇನ್ನೂ ಹೆಚ್ಚು. ನೆರೆಯವರ ಮಗನಿಗೆ ಒಗ್ಗಿದ ವಿಷಯವು 900 ಗಂಟೆಗಳ ಕಾಲ ನಿಮಗೂ ಒಗ್ಗೀತೇ? ಎರಡನೆಯ ಸೆಮಿಸ್ಟರಿನ ಕೊನೆಯಲ್ಲಿ, ಅದೇ ಶಾಸ್ತ್ರವರ್ಗದೊಳಗೆ, ಮುಖ್ಯ ವಿಷಯವನ್ನು ಬದಲಾಯಿಸಲು ಈ ಚೌಕಟ್ಟು ಅವಕಾಶವನ್ನಿತ್ತಿದೆ. ಆದರೆ ವಿವರಗಳು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಪ್ರವೇಶದ ದಿನವೇ ಕಾಲೇಜಿನ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಮೇಲು.

ಇಷ್ಟೆಲ್ಲ ಹೇಳಿದರೂ, ನಿಜವಾದ ಆಯ್ಕೆಯು ಪದವಿಯ ಬಾಗಿಲಲ್ಲಿ ನಡೆಯುವುದಿಲ್ಲ. ಅದು ಹನ್ನೊಂದನೆಯ ತರಗತಿಯ ಅರ್ಜಿಯಲ್ಲಿ, ಅದೂ ಯಾರ ಗಮನಕ್ಕೂ ಬಾರದಂತೆ, ನಡೆದುಹೋಗಿರುತ್ತದೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿತುದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗಿಯೊಬ್ಬಳು ಒಳ್ಳೆಯ ಅಂಕಗಳನ್ನು ಪಡೆದು ವಾಣಿಜ್ಯ ಶಾಖೆಗೆ ಸೇರಲು ಹೊರಟಳು. ಮಹಾರಾಷ್ಟ್ರದ ವಾಣಿಜ್ಯ ಶಾಖೆಯಲ್ಲಿ ಗಣಿತವನ್ನು ಬಿಟ್ಟು ಅದರ ಸ್ಥಾನದಲ್ಲಿ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ಎಂಬ ವಿಷಯವನ್ನು ತೆಗೆದುಕೊಳ್ಳುವ ರೂಢಿಯುಂಟು. “ಟೀಚರ್, ಲೆಕ್ಕ ಬಿಟ್ಟರೂ ನಡೆಯುತ್ತದಂತೆ, ಎಲ್ಲರೂ ಹೇಳುತ್ತಾರೆ” ಎಂದಳು. ನಡೆಯುತ್ತದೆ ಎಂದು ನಾವೂ ತಲೆದೂಗಿದೆವು. ಹನ್ನೆರಡನೆಯ ತರಗತಿಯಲ್ಲಿ ಆಕೆಗೆ ಅರ್ಥಶಾಸ್ತ್ರದ ಪುಸ್ತಕ ಹಿಡಿಸಿತು. ಬೆಲೆ, ಬೇಡಿಕೆ, ಜನಗಣತಿಯ ಕೋಷ್ಟಕಗಳು — ಇವುಗಳ ಮುಂದೆ ಗಂಟೆಗಟ್ಟಲೆ ಕೂರತೊಡಗಿದಳು. ಸಂಖ್ಯಾಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಬೇಕೆಂದು ವಿಚಾರಿಸಿದಾಗ, ಹನ್ನೆರಡನೆಯಲ್ಲಿ ಗಣಿತವಿಲ್ಲದವರಿಗೆ ಪ್ರವೇಶವಿಲ್ಲವೆಂದು ತಿಳಿಯಿತು. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೂ ಗಣಿತ ಬೇಕು. ಆಕೆ ಬಿ.ಕಾಂ. ಮಾಡಿ ಇಂದು ನೆಮ್ಮದಿಯ ಉದ್ಯೋಗದಲ್ಲಿದ್ದಾಳೆ, ಯಾರನ್ನೂ ದೂರುವವಳಲ್ಲ. ಆದರೆ ಅರ್ಜಿಯ ಆ ಚಿಕ್ಕ ಚೌಕದ ಮುಂದೆ ಒಂದು ಕ್ಷಣ ನಿಂತು “ಇದನ್ನು ಬಿಟ್ಟರೆ ಮುಂದೆ ಯಾವ ಯಾವ ದಾರಿಗಳು ಕಟ್ಟುತ್ತವೆ?” ಎಂದು ಕೇಳಬೇಕಾಗಿದ್ದವರು ನಾವು. ಕೇಳಲಿಲ್ಲ.

ಅಂದಿನಿಂದ ಯಾವ ಲೈನು ಒಳ್ಳೆಯದೆಂಬ ಪ್ರಶ್ನೆಗೆ ನಾವು ಮರುಪ್ರಶ್ನೆಯನ್ನೇ ಹಾಕುತ್ತೇವೆ. ವಿಜ್ಞಾನದಲ್ಲಿ ಗಣಿತವನ್ನು ಬಿಟ್ಟು ಜೀವಶಾಸ್ತ್ರವನ್ನು ಹಿಡಿದರೆ ಇಂಜಿನಿಯರಿಂಗಿನ ಬಹುಪಾಲು ಶಾಖೆಗಳ ದಾರಿ ಕಟ್ಟುತ್ತದೆ. ಜೀವಶಾಸ್ತ್ರವನ್ನು ಬಿಟ್ಟರೆ ವೈದ್ಯಕೀಯದ ದಾರಿ ದುರ್ಗಮವಾಗುತ್ತದೆ. ಎರಡನ್ನೂ ಇಟ್ಟುಕೊಳ್ಳಬಹುದು, ಹೊರೆ ಹೆಚ್ಚು. ಕಲಾ ಶಾಖೆಯ ಬಗೆಗೆ ನಮ್ಮ ಜನರಲ್ಲಿರುವ ತಾತ್ಸಾರವಂತೂ ನಮಗೆ ಅರ್ಥವಾಗದು. ಕಡಿಮೆ ಅಂಕದವರು ಹೋಗುವ ಶಾಖೆಯೆಂದು ಅದನ್ನು ಕರೆಯುವವರೇ, ನ್ಯಾಯಾಧೀಶರನ್ನೂ ಜಿಲ್ಲಾಧಿಕಾರಿಗಳನ್ನೂ ಕಂಡರೆ ಎದ್ದು ನಿಲ್ಲುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದಿದವರು.

ವಿಷಯವು ತನಗೆ ಒಗ್ಗುವುದೇ ಎಂದು ತಿಳಿಯುವ ಬಗೆ ಹೇಗೆ? ಅಂಕಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಒಳ್ಳೆಯ ಉಪಾಧ್ಯಾಯರು ದೊರೆತ ವರ್ಷ ಆ ವಿಷಯದ ಅಂಕ ಏರುತ್ತದೆ. ಮನೆಯಲ್ಲಿ ಕಾಯಿಲೆಯಿದ್ದ ವರ್ಷ ಎಲ್ಲವೂ ಇಳಿಯುತ್ತವೆ. ಬಾಲಭಾರತಿಯ ಹನ್ನೊಂದು, ಹನ್ನೆರಡನೆಯ ತರಗತಿಗಳ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಬೇಸಿಗೆಯ ರಜೆಯಲ್ಲಿ ಒಂದೊಂದು ವಿಷಯದ ನಡುವಿನ ಅಧ್ಯಾಯವೊಂದನ್ನು — ಮೊದಲನೆಯದನ್ನಲ್ಲ, ಅದು ಯಾವಾಗಲೂ ಸುಲಭವಾಗಿರುತ್ತದೆ — ತೆರೆದು, ಹೇಳಿಕೊಡುವವರಿಲ್ಲದೆ ಹತ್ತು ಪುಟ ಓದಿರಿ. ಅರ್ಥವಾಗದಿದ್ದರೆ ಚಿಂತೆಯಿಲ್ಲ, ಅರ್ಥವಾಗದ ಜಾಗಕ್ಕೆ ಮತ್ತೆ ಮರಳಬೇಕೆನ್ನಿಸುವುದೇ ಎಂಬುದನ್ನು ಗಮನಿಸಿರಿ. ಅದೇ ಶಾಖೆಯ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕಂಡು, ಬೇಸರ ತರುವ ಭಾಗ ಯಾವುದೆಂದು ಕೇಳಿರಿ. ಒಳ್ಳೆಯ ಭಾಗವನ್ನು ಹೇಳಲು ಕಾಲೇಜಿನ ಜಾಹೀರಾತುಗಳಿವೆ.

ಇನ್ನು ಭಾಷೆಯ ಮಾತು. ಕನ್ನಡದಲ್ಲಿ ಕಲಿತವರಿಗೆ ವಿಜ್ಞಾನ ಹೇಗೆ ಸಾಧ್ಯವೆಂಬ ಅಂಜಿಕೆಯಿಂದ ಎಷ್ಟೋ ಜಾಣ ಮಕ್ಕಳು ತಮಗಿಷ್ಟವಾದ ವಿಷಯವನ್ನು ಬಿಡುವುದನ್ನು ನಾವು ಕಂಡಿದ್ದೇವೆ. ಕಷ್ಟವಿಲ್ಲವೆಂದು ನಾವು ಸುಳ್ಳು ಹೇಳಲಾರೆವು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯು ಕನ್ನಡದಲ್ಲಿಯೂ ನಡೆಯುತ್ತದೆಂದು ಕೇಳಿ ಹಿಗ್ಗುವವರು, 2024ರ ನಿಯಮಾವಳಿಯಂತೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತಿತ್ತೆಂಬುದನ್ನೂ ಅರಿತಿರಬೇಕು. ಮುಂಬಯಿಯ ಕನ್ನಡಿಗನಿಗೆ ಅದು ಎಟುಕದ ಹಣ್ಣು. ಆದರೆ ಹೊಸ ಭಾಷೆಯಲ್ಲಿ ಎದುರಾಗುವುದು ಹೆಚ್ಚಾಗಿ ಪರಿಭಾಷೆಯ ತೊಡಕು. ದ್ಯುತಿಸಂಶ್ಲೇಷಣೆ ಎಂದರೇನೆಂದು ಬಲ್ಲವನು ಅದರ ಇಂಗ್ಲಿಷ್ ಹೆಸರನ್ನಷ್ಟೇ ಕಲಿಯಬೇಕು. ವಿಷಯವನ್ನು ಮತ್ತೆ ಕಲಿಯಬೇಕಾಗಿಲ್ಲ. ಎರಡು ಅಂಕಣಗಳ ನೋಟುಪುಸ್ತಕವೊಂದನ್ನು ಮಾಡಿ, ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನ ಪದ ಬರೆಯುತ್ತ ಹೋದವರು ದೀಪಾವಳಿಯ ಹೊತ್ತಿಗೆ ಚೇತರಿಸಿಕೊಂಡುದನ್ನು ನಾವು ನೋಡಿದ್ದೇವೆ.

ಒಂದನ್ನು ಆರಿಸಿಕೊಂಡರೆ ಮತ್ತೊಂದನ್ನು ಕಳೆದುಕೊಂಡಂತೆ ಎಂಬ ದುಗುಡವೂ ಕೆಲವರಿಗಿರುತ್ತದೆ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಯಶವಂತ ಚಿತ್ತಾಲರು ಓದಿದುದು ರಸಾಯನ ತಂತ್ರಶಾಸ್ತ್ರವನ್ನು. ದುಡಿದುದು ಪಾಲಿಮರುಗಳ ಉದ್ಯಮದಲ್ಲಿ. ‘ಶಿಕಾರಿ’ಯನ್ನು ಬರೆದವರೂ ಅವರೇ, 1983ರಲ್ಲಿ ‘ಕಥೆಯಾದಳು ಹುಡುಗಿ’ ಎಂಬ ಕಥಾಸಂಕಲನಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದವರೂ ಅವರೇ. ಗೋಕರ್ಣದ ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರರು; ಅವರೂ ಇದೇ ನಗರದ ಔಷಧ ಉದ್ಯಮದಲ್ಲಿ ದುಡಿಯುತ್ತ ಕಥೆ ಬರೆದರು. ಪದವಿ ಪತ್ರದ ಮೇಲೆ ಒಂದೇ ವಿಷಯಕ್ಕೆ ಸ್ಥಳವಿರುತ್ತದೆ. ಸಂಜೆಯ ಹೊತ್ತು ನಿಮ್ಮದೇ.

ಈ ವರ್ಷ ಹತ್ತನೆಯ ತರಗತಿಯವರು ಫಲಿತಾಂಶಕ್ಕಾಗಿ ಕಾಯದೆ, ಪರೀಕ್ಷೆ ಮುಗಿದ ಮೊದಲ ಶನಿವಾರವೇ ತಂದೆತಾಯಿಗಳೊಡನೆ ನಮ್ಮನ್ನು ಕಾಣಬೇಕೆಂದು ಕೋರುತ್ತೇವೆ. ಬರುವಾಗ ಕಾಲೇಜುಗಳ ಪಟ್ಟಿಯ ಬದಲು ನಿಮ್ಮ ಹಳೆಯ ನೋಟುಪುಸ್ತಕಗಳನ್ನು ತನ್ನಿರಿ. ಯಾರೂ ಹೇಳದಿದ್ದರೂ ನೀವಾಗಿ ಬಿಡಿಸಿದ ಲೆಕ್ಕಗಳು, ಅಂಚಿನಲ್ಲಿ ಗೀಚಿದ ನಕಾಶೆಗಳು ಯಾವ ಪುಸ್ತಕದಲ್ಲಿವೆಯೋ ಅಲ್ಲಿಂದ ಮಾತು ಆರಂಭಿಸೋಣ.